ರಕ್ಷಣೆ ಕಳೆದುಹೋಗುತ್ತದಾ?

(ಹೊಸಪೇಟೆಯ ಯುವಜನರ ಕೂಟದಲ್ಲಿ ಕೊಟ್ಟ ಸಂದೇಶದ ಬರಹ ರೂಪ. ವಾಕ್ಯಭಾಗಗಳು: ಇಬ್ರಿಯರಿಗೆ 2:1, 6:4-9, ಯೋಹಾನ 10:27-29, 2 ತಿಮೊಥೆಯನಿಗೆ 4:10-11, ಲೂಕ 15)

ಈ ಮಳೆಯಲ್ಲೂ ಬಂದಿದ್ದೀರಿ. ಕಂಪ್ಲಿಯಿಂದ ಬಸ್ಸಲ್ಲಿ ನಿಂತುಕೊಂಡೇ ಬಂದವರಿದ್ದಾರೆ, ಸಂಡೂರಲ್ಲಿ ನೈಟ್ ಶಿಫ್ಟ್ ಮುಗಿಸಿ ನಿದ್ದೆಗಣ್ಣಲ್ಲೇ ಬಂದ ತಮ್ಮಂದಿರಿದ್ದಾರೆ, ಬೆಂಗಳೂರಿಂದ ಹಂಪಿ ಎಕ್ಸ್‌ಪ್ರೆಸ್ಸಲ್ಲಿ ಬೆಳಿಗ್ಗೆ ಇಳಿದವರೂ ಇದ್ದಾರೆ. ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಆಮೆನ್? (ಸಭೆ: ಆಮೆನ್)

ಇವತ್ತಿನ ವಿಷಯ ನಾನು ಆರಿಸಿಕೊಂಡದ್ದಲ್ಲ, ನೀವೇ ಕೇಳಿದ್ದು. ಹೋದ ತಿಂಗಳು ಒಂದು ಪ್ರಶ್ನೆ ಪೆಟ್ಟಿಗೆ ಇಟ್ಟಿದ್ವಿ, ಹೆಸರು ಬರೀಬೇಡಿ, ಏನು ಬೇಕಾದರೂ ಕೇಳಿ ಅಂತ. ಎಲ್ಲಾ ಮದುವೆ ಪ್ರಶ್ನೆಗಳೇ ಬರುತ್ತವೆ ಅಂತ ನಾನು ರೆಡಿಯಾಗಿದ್ದೆ. (ನಗು) ಅವೂ ಬಂದವು. ಆದರೆ ಬೇರೆ ಬೇರೆ ಕೈಬರಹದಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬಂತು. ರಕ್ಷಣೆ ಹೊಂದಿದ ವಿಶ್ವಾಸಿ ಆ ರಕ್ಷಣೆಯನ್ನ ಕಳಕೊಳ್ಳಬಹುದಾ? ಒಬ್ಬರು ಬರೆದಿದ್ದರು, "ಅಣ್ಣಾ, ನಾನು ಈಗಾಗಲೇ ಕಳಕೊಂಡಿದ್ದೀನಿ ಅನ್ಸುತ್ತೆ. ವಾಪಸ್ ಸಿಗುತ್ತಾ?" ಆ ಚೀಟಿ ಇನ್ನೂ ನನ್ನ ಬೈಬಲ್ ಒಳಗೇ ಇದೆ. ಬರೆದವರು ಯಾರು ಅಂತ ನನಗೆ ಗೊತ್ತಿಲ್ಲ. ನೀವು ಇವತ್ತು ಇಲ್ಲಿದ್ದರೆ, ಈ ಸಂದೇಶದ ಅರ್ಧ ಭಾಗ ನಿಮಗೆ.

ಈ ಪ್ರಶ್ನೆಯನ್ನ ನಾನು ಮೊದಲು ಕೇಳಿಸಿಕೊಂಡದ್ದು ಪೆಟ್ಟಿಗೆಯಿಂದಲ್ಲ, ಸಮಾಧಿ ಹತ್ತಿರ. ಕಂಪ್ಲಿ ಪಕ್ಕದ ಒಂದು ಹಳ್ಳಿ. ಊರ ಹೆಸರು ಬೇಡ. 24 ವರ್ಷದ ಹುಡುಗ. 17ನೇ ವಯಸ್ಸಿಗೆ ಕಾಲುವೆ ನೀರಲ್ಲಿ ದೀಕ್ಷಾಸ್ನಾನ ತಗೊಂಡವನು, ಅವನ ಕೈ ಹಿಡಿದು ಮುಳುಗಿಸಿದವನು ನಾನೇ. ನಮ್ಮಲ್ಲಿ ಡೋಲಕ್ ಬಾರಿಸ್ತಿದ್ದ. ಆಮೇಲೆ ಸಂಡೂರು ಕಡೆ ಅದಿರು ಲಾರಿ ಕೆಲಸಕ್ಕೆ ಸೇರಿದ. ಭಾನುವಾರ ರಜೆ ಸಿಗಲ್ಲ ಅಂದ, ಸರಿ ಅಂದ್ವಿ. ಮೊದಲು ತಿಂಗಳಿಗೊಮ್ಮೆ ಬರ್ತಿದ್ದ, ಆಮೇಲೆ ಕ್ರಿಸ್‌ಮಸ್ಸಿಗೆ, ಆಮೇಲೆ ಅದೂ ಇಲ್ಲ. ಕುಡೀತಾನೆ ಅಂತ ಯಾರೋ ಹೇಳಿದರು. ಮೂರು ವರ್ಷ ಹೀಗೇ ಹೋಯ್ತು. ಒಂದು ರಾತ್ರಿ ಬೈಕ್ ಆಕ್ಸಿಡೆಂಟ್.

ಮಣ್ಣು ಹಾಕಿ ಆದಮೇಲೆ ಅವರಮ್ಮ ನನ್ನ ಕೈ ಹಿಡ್ಕೊಂಡ್ರು. "ಅಯ್ನೋರೇ, ನನ್ ಮಗ ಈಗ ಎಲ್ಲವ್ನೆ? ನೀವೇ ನೀರಾಗ ಮುಳುಗಿಸಿದ್ರಿ. ಅದೊಂದ್ ಹೇಳ್ರಿ ಸಾಕು."

ನಾನು ಏನು ಹೇಳಿದೆ ಗೊತ್ತಾ? "ಅಮ್ಮಾ, ಅದು ಕರ್ತನಿಗೆ ಗೊತ್ತು." ಮಾತು ತಪ್ಪಲ್ಲ. ಆದರೆ ಆ ಮಾತಿನ ಹಿಂದೆ ನಾನು ಬಚ್ಚಿಟ್ಟುಕೊಂಡೆ. ವಾಪಸ್ ಹೊಸಪೇಟೆಗೆ ಬರೋ ದಾರಿಯುದ್ದಕ್ಕೂ ನನಗೆ ನನ್ನ ಮೇಲೇ ಅಸಹ್ಯ. ಅದಕ್ಕೇ ಹೇಳ್ತೀನಿ, ಇದು ಯೂಟ್ಯೂಬಲ್ಲಿ ಕೂತು ವಾದ ಮಾಡೋ ವಿಷಯ ಅಲ್ಲ. ಇದರ ಹಿಂದೆ ಯಾರದೋ ಮಗ ಇದ್ದಾನೆ.

ವಾದ ಏನು ಅಂತಾನೂ ಸ್ವಲ್ಪ ತಿಳ್ಕೊಳ್ಳಿ, ಬೇಗ ಹೇಳಿಬಿಡ್ತೀನಿ. ಒಂದು ಸಲ ರಕ್ಷಣೆ ಸಿಕ್ಕರೆ ಅದು ಎಂದೆಂದಿಗೂ ಹೋಗಲ್ಲ, ಬಿಟ್ಟುಹೋದವನು ಮೊದಲೇ ನಿಜವಾದ ವಿಶ್ವಾಸಿ ಆಗಿರಲಿಲ್ಲ ಅನ್ನೋದು ಕ್ಯಾಲ್ವಿನ್ ದಾರಿಯ ಸಭೆಗಳ ಬೋಧನೆ. ಅವರು 1 ಯೋಹಾನ 2:19 ತೋರಿಸ್ತಾರೆ. ವಿಶ್ವಾಸಿ ತಾನಾಗಿ ಬಿಟ್ಟುಹೋಗಲು ಸಾಧ್ಯ ಅನ್ನೋದು ಇನ್ನೊಂದು ದಾರಿ. ಹಾಲೆಂಡಿನ ಆರ್ಮಿನಿಯಸ್ ಅನ್ನೋ ಬೋಧಕರು 1609ರಲ್ಲಿ ತೀರಿಕೊಂಡರು. ಮಾರನೇ ವರ್ಷ ಅವರ ಹಿಂಬಾಲಕರು ಐದು ಅಂಶಗಳ ಒಂದು ಮನವಿ ಬರೆದರು. ನನಗೆ ಇಷ್ಟವಾಗೋದು ಆ ಐದನೇ ಅಂಶ. ವಿಶ್ವಾಸಿ ಪೂರ್ತಿಯಾಗಿ ಬಿದ್ದುಹೋಗಬಹುದಾ ಅನ್ನೋ ವಿಷಯಕ್ಕೆ ಬಂದಾಗ, ಇದನ್ನ ವಾಕ್ಯದಲ್ಲಿ ಇನ್ನೂ ಶೋಧಿಸಬೇಕು ಅಂತ ಬರೆದು ನಿಲ್ಲಿಸಿದರು. 1618-19ರಲ್ಲಿ ಡಾರ್ಟ್ ಊರಲ್ಲಿ ನಡೆದ ದೊಡ್ಡ ಸಭಾಕೂಟ ಅವರ ವಿರುದ್ಧ ತೀರ್ಪು ಕೊಟ್ಟಿತು. ಮುಂದೆ ಜಾನ್ ವೆಸ್ಲಿ, ಆಮೇಲೆ ನಮ್ಮ ಪೆಂತೆಕೊಸ್ತ್ ಸಭೆಗಳಲ್ಲಿ ಬಹುಪಾಲು ಈ ಎರಡನೇ ದಾರಿಯಲ್ಲೇ ಬಂದವು. ನಾನೂ ಅಲ್ಲೇ ನಿಂತಿದ್ದೀನಿ.

ಹಾಗಂತ ಎದುರಿನವರನ್ನ ಬೈಯೋಕೆ ಹೋಗಬೇಡಿ. ನೀವು ಕೈಯಲ್ಲಿ ಹಿಡಿದಿರೋ ಕನ್ನಡ ಬೈಬಲ್ಲಿನ ಬೇರು ಎಲ್ಲಿದೆ ಗೊತ್ತಾ? ನಮ್ಮ ಪಕ್ಕದ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಆ ಮಿಷನ್ನಿನವರು ಬಹುಪಾಲು ಕ್ಯಾಲ್ವಿನ್ ಕಡೆಯವರೇ. ಅವರ ಸಾಲಿನವರು ಕೊಟ್ಟ ಪುಸ್ತಕ ಹಿಡ್ಕೊಂಡೇ ನಾವು ಅವರ ಜೊತೆ ವಾದ ಮಾಡ್ತೀವಿ! ಸ್ವಲ್ಪ ದೀನತೆ ಇರಲಿ.

ಈಗ ವಾಕ್ಯಕ್ಕೆ ಬರೋಣ. ಯೋಹಾನ 10 ತೆಗೀರಿ. ತನ್ನ ಕುರಿಗಳನ್ನ ತನ್ನ ಕೈಯಿಂದ ಯಾರೂ ಕಸಿದುಕೊಳ್ಳಲಾರರು, ತಂದೆಯ ಕೈಯಿಂದಲೂ ಕಿತ್ತುಕೊಳ್ಳಲಾರರು ಅಂತ ಯೇಸು ಸ್ವಾಮಿ ಹೇಳ್ತಾರೆ. ಎಂಥ ಭದ್ರತೆ! ಹಲ್ಲೆಲೂಯಾ! ಸೈತಾನನಿಗೆ ಆಗಲ್ಲ, ನಿನ್ನ ಮ್ಯಾನೇಜರ್‌ಗೆ ಆಗಲ್ಲ, ಯಾರ ಮಾಟಕ್ಕೂ ಆಗಲ್ಲ, ನಿನ್ನ ಕ್ಯಾನ್ಸರ್ ರಿಪೋರ್ಟಿಗೂ ಆಗಲ್ಲ. ಆದರೆ 28ನೇ ವಚನ ಓದೋ ಮುಂಚೆ 27 ಓದಬೇಕು. ಆ ಕುರಿಗಳು ಯಾರು? ಆತನ ಸ್ವರ ಕೇಳಿ ಹಿಂದೆ ಹೋಗ್ತಾ ಇರೋವು. ಒಂದು ದಿನ ಹಿಂದೆ ಹೋಗಿದ್ದವು ಅಂತಲ್ಲ, ಈಗಲೂ ಹೋಗ್ತಾ ಇರೋವು.

ನಮ್ಮ ಭಾಷೆಯಲ್ಲೇ ಎರಡು ಮಾತಿವೆ ನೋಡಿ. "ಕಳೆದುಹೋಯ್ತು" ಒಂದು, "ಬಿಟ್ಟುಹೋದ" ಇನ್ನೊಂದು. ಹೊಸಪೇಟೆ ಬಸ್ ಸ್ಟ್ಯಾಂಡಲ್ಲಿ ನಿಮ್ಮ ಪರ್ಸ್ ಹೋಯ್ತು ಅಂದರೆ ಅದು ಕಳೆದುಹೋಗಿದ್ದು. ಯಾವಾಗ ಬಿತ್ತು ಗೊತ್ತಿಲ್ಲ, ಯಾರು ತಗೊಂಡರು ಗೊತ್ತಿಲ್ಲ, ಚಾರ್ಜ್ ಕೊಡೋಕೆ ಕೈ ಹಾಕಿದಾಗ ಜೇಬು ಖಾಲಿ. ಬಹಳ ಜನ ರಕ್ಷಣೆಯನ್ನ ಹೀಗೇ ಅಂದ್ಕೊಂಡಿದ್ದಾರೆ. ಸೋಮವಾರ ಕೋಪ ಬಂತು, ಹೋಯ್ತು. ಮಂಗಳವಾರ ಅತ್ತೆವು, ವಾಪಸ್ ಬಂತು. ಗುರುವಾರ ಫೋನಲ್ಲಿ ನೋಡಬಾರದ್ದು ನೋಡಿದೆವು, ಮತ್ತೆ ಹೋಯ್ತು. ಭಾನುವಾರ ಆಲ್ಟರ್ ಕಾಲ್!

ಈ ಭಯ ಹುಟ್ಟಿಸಿದ್ದರಲ್ಲಿ ನನ್ನ ಪಾಲೂ ಇದೆ, ಒಪ್ಕೋತೀನಿ. ಸೇವೆಗೆ ಬಂದ ಹೊಸದರಲ್ಲಿ ನಾನು ನರಕದ ಬಗ್ಗೆ ಬಿಟ್ಟು ಬೇರೆ ಬೋಧನೆ ಮಾಡಿದ್ದು ಕಡಿಮೆ. ಪ್ರತಿ ಕೂಟದಲ್ಲೂ ಕೈ ಎತ್ತೋರ ಲೆಕ್ಕ ಬರೀತಿದ್ದೆ. ಒಂದು ದಿನ ನನ್ನ ಹೆಂಡತಿ ಆ ಡೈರಿ ನೋಡಿ ಕೇಳಿದಳು, "ರೀ, ಈ ಹುಡುಗ ಒಬ್ಬನೇ ಎಷ್ಟು ಸಲ ರಕ್ಷಣೆ ಹೊಂದಿದ್ದಾನೆ?" ನೋಡಿದರೆ ಒಂದೇ ವರ್ಷದಲ್ಲಿ ಒಂಬತ್ತು ಸಲ. (ನಗು) ನಗಬೇಡಿ, ಆ ಹುಡುಗ ರಾತ್ರಿ ನಿದ್ದೆ ಮಾಡ್ತಿರಲಿಲ್ಲ. ಯಾವಾಗ ಸತ್ತರೆ ಎಲ್ಲಿಗೆ ಹೋಗ್ತೀನೋ ಅಂತ. ಕೊನೆಗೆ ಸುಸ್ತಾಗಿ ಸಭೆಗೆ ಬರೋದನ್ನೇ ನಿಲ್ಲಿಸಿದ. ಅವನನ್ನ ಪಾಪ ಓಡಿಸಲಿಲ್ಲ, ನನ್ನ ಬೋಧನೆ ಓಡಿಸಿತು.

ತಂಗೀ, ತಮ್ಮಾ, ರಕ್ಷಣೆ ಪರ್ಸ್ ಅಲ್ಲ. ಅದು ಒಬ್ಬ ವ್ಯಕ್ತಿಯ ಜೊತೆಗಿನ ಬಾಂಧವ್ಯ. ಅದನ್ನ ಅಪ್ಪಿತಪ್ಪಿ ಬೀಳಿಸೋಕೆ ಆಗಲ್ಲ. ಒಂದು ಜಗಳಕ್ಕೆ, ಒಂದು ಸೋಲಿಗೆ ಆತ ನಿನ್ನ ಹೆಸರು ಅಳಿಸಿ ಕೂರಲ್ಲ. ಆದರೆ ಬಿಟ್ಟುಹೋಗೋದು ಸಾಧ್ಯ. ವಾಕ್ಯ ಅದನ್ನ ಮುಚ್ಚಿಡಲ್ಲ. ಗಲಾತ್ಯದವರಿಗೆ 5:4 ಓದಿ, ಯೋಹಾನ 15:6 ಓದಿ, 2 ಪೇತ್ರ 2:20ರಿಂದ ಮುಂದೆ ಓದಿ. ಈ ಎಚ್ಚರಿಕೆಗಳೆಲ್ಲ ಹೊರಗಿನವರಿಗೆ ಬರೆದವಲ್ಲ, ಸಭೆಗೆ ಬರೆದವು. ಆಗದೇ ಇರೋ ಅಪಾಯಕ್ಕೆ ಪವಿತ್ರಾತ್ಮನು ಯಾಕೆ ಬೋರ್ಡ್ ಹಾಕಿಸ್ತಾನೆ?

ಹಾಗಾದರೆ ಬಿಟ್ಟುಹೋಗೋದು ಹೇಗೆ ನಡೆಯುತ್ತೆ? ಇಬ್ರಿಯರಿಗೆ 2:1. ಕೇಳಿದ ಸಂಗತಿಗಳಿಗೆ ಹೆಚ್ಚು ಲಕ್ಷ್ಯ ಕೊಡದಿದ್ದರೆ ತಪ್ಪಿಹೋಗುವ ಅಪಾಯ ಇದೆ ಅನ್ನೋದು ಅಲ್ಲಿಯ ಮಾತು. ಗ್ರೀಕ್ ಮೂಲದಲ್ಲಿ ಅಲ್ಲಿರೋ ಪದ ಹರಿವಿನ ಪದ. ನೀರು ಎಳ್ಕೊಂಡು ಹೋದ ಹಾಗೆ ಪಕ್ಕದಿಂದ ಸರಿದುಹೋಗೋದು. ನಮ್ಮ ಊರಿನವರಿಗೆ ಇದನ್ನ ವಿವರಿಸೋದೇ ಬೇಡ. ಹಂಪಿಗೆ ಹೋಗಿ, ತಳವಾರಘಟ್ಟದಲ್ಲಿ ಹರಿಗೋಲು ನೋಡಿ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ಪಾಯೆಸ್ ಕೂಡ ಆನೆಗೊಂದಿಗೆ ದಾಟೋ ಈ ದುಂಡನೆ ಬುಟ್ಟಿ ದೋಣಿಗಳ ಬಗ್ಗೆ ಬರೆದಿದ್ದಾನೆ. ಆಗ ಹೊರಗೆ ಚರ್ಮ ಹೊದಿಸ್ತಿದ್ದರು, ಈಗ ಪ್ಲಾಸ್ಟಿಕ್ ಶೀಟು, ಡಾಂಬರು. ಆಕಾರ ಅದೇ. ಅದಕ್ಕೆ ಮುಂದೆ ಇಲ್ಲ, ಹಿಂದೆ ಇಲ್ಲ. ಅಂಬಿಗ ಹುಟ್ಟು ಹಾಕ್ತಾ ಇರೋವರೆಗೆ ಆಚೆ ದಡದ ಕಡೆ ಹೋಗುತ್ತೆ. ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡ ಅನ್ನಿ, ಅದು ನಿಲ್ಲಲ್ಲ. ಹೊಳೆ ಹೋಗೋ ಕಡೆ ಹೋಗುತ್ತೆ. ಯಾರೂ ತಳ್ಳಬೇಕಾಗಿಲ್ಲ.

ಹೋದ ಬೇಸಿಗೆಯಲ್ಲಿ ಹೊರಗಿಂದ ಬಂದ ಕೆಲವು ಸ್ನೇಹಿತರನ್ನ ಕರ್ಕೊಂಡು ಹೋಗಿದ್ದೆ. ಅಂಬಿಗರ ಹುಡುಗ ನಡು ಹೊಳೆಯಲ್ಲಿ ಹರಿಗೋಲನ್ನ ಗಿರಗಿರ ತಿರುಗಿಸಿದ. ಎಲ್ಲರೂ ಕಿರುಚಿದ್ದೇ ಕಿರುಚಿದ್ದು, ವಿಡಿಯೋ ತೆಗೆದಿದ್ದೇ ತೆಗೆದಿದ್ದು. ತಿರುಗೋದು ನಿಂತಮೇಲೆ ನೋಡ್ತೀನಿ, ನಾವು ಹತ್ತಿದ ಜಾಗ ಅಷ್ಟು ದೂರದಲ್ಲಿ! ತಿರುಗುವಾಗ ಸರಿದಿದ್ದು ಒಬ್ಬರಿಗೂ ಗೊತ್ತಾಗಲಿಲ್ಲ. ನನಗೆ ಅಲ್ಲೇ ಮೈ ಜುಮ್ ಅಂತು. ನಮ್ಮ ಆರಾಧನೆ ಕೂಡ ಕೆಲವು ಸಲ ಹೀಗೇ ಅಲ್ವಾ? ಲೈಟು, ಡ್ರಮ್ಸು, ಕೂಗಾಟ, ರೀಲ್ಸು. ಪವಿತ್ರಾತ್ಮನ ಸಂತೋಷಕ್ಕೆ ನಾನು ವಿರೋಧ ಅಲ್ಲ, ನಾನೂ ಕುಣಿಯೋನೇ, ನೋಡಿದ್ದೀರಿ. ಆದರೆ ತಿರುಗ್ತಾ ಇರೋದನ್ನೇ ಮುಂದೆ ಹೋಗ್ತಾ ಇರೋದು ಅಂದ್ಕೋಬೇಡಿ. ಅನ್ಯಭಾಷೆ ಆಡಿ ಮನೆಗೆ ಹೋಗಿ ವಾರವಿಡೀ ಬೈಬಲ್ ತೆರೆಯದೇ ಇರೋನು, ದಡ ಎಲ್ಲಿದೆ ಅಂತ ಒಮ್ಮೆ ತಲೆ ಎತ್ತಿ ನೋಡಬೇಕು.

ಈ ಪತ್ರದಲ್ಲೇ 6:19ರಲ್ಲಿ ಲಂಗರಿನ ಮಾತೂ ಇದೆ. ಸರಿದುಹೋಗೋ ಅಪಾಯ ಹೇಳಿದವನೇ ಕಟ್ಟಿ ನಿಲ್ಲಿಸೋ ಲಂಗರನ್ನೂ ಹೇಳಿದ. ಒಂದನ್ನ ಮಾತ್ರ ಓದಿ ಇನ್ನೊಂದನ್ನ ಹಾರಿಸಬೇಡಿ.

ಪೌಲನ ಜೊತೆ ಇದ್ದ ಇಬ್ಬರನ್ನ ನೋಡೋಣ. ದೇಮ ಮತ್ತು ಮಾರ್ಕ. ಫಿಲೆಮೋನನ ಪತ್ರದ 24ನೇ ವಚನದಲ್ಲಿ ಇಬ್ಬರೂ ಒಂದೇ ಸಾಲಲ್ಲಿದ್ದಾರೆ, ಇಬ್ಬರೂ ಜೊತೆಕೆಲಸದವರು. ಕೊಲೊಸ್ಸೆಯವರಿಗೆ 4:14ಕ್ಕೆ ಬಂದರೆ ದೇಮನ ಹೆಸರು ಮಾತ್ರ ಇದೆ, ವಿಶೇಷಣ ಇಲ್ಲ. ಪಕ್ಕದಲ್ಲಿರೋ ಲೂಕ ಪ್ರಿಯ ವೈದ್ಯ, ದೇಮ ಬರೀ ದೇಮ. ನಾನು ಅದರಲ್ಲಿ ಹೆಚ್ಚು ಓದ್ತಿದ್ದೀನೋ ಏನೋ. ಆದರೆ 2 ತಿಮೊಥೆಯ 4:10ರಲ್ಲಿ ಅನುಮಾನ ಇಲ್ಲ. ಈ ಲೋಕವನ್ನ ಪ್ರೀತಿಸಿ ಪೌಲನನ್ನ ಬಿಟ್ಟು ಥೆಸಲೊನೀಕಕ್ಕೆ ಹೊರಟುಹೋದ. ಹಿಂಸೆ ತಾಳಲಾರದೆ ಅಂತ ಬರೆದಿಲ್ಲ. ಪ್ರೀತಿ ಬದಲಾಯ್ತು, ಅಷ್ಟೇ.

ಸಂಡೂರಿನ ತಮ್ಮಂದಿರಿಗೆ ಇದು ಅರ್ಥ ಆಗುತ್ತೆ. ಅದಿರಿಗೆ ಬೆಲೆ ಏರಿದ ಆ ವರ್ಷಗಳು ನಿಮ್ಮ ಅಣ್ಣಂದಿರಿಗೆ ನೆನಪಿರಬೇಕು. ಸಾಲ ಮಾಡಿ ಒಂದು ಲಾರಿ ತಗೊಂಡ, ಎರಡಾಯ್ತು, ನಾಲ್ಕಾಯ್ತು. ಬುಧವಾರದ ಉಪವಾಸ ಪ್ರಾರ್ಥನೆಗೆ ಟೈಮಿಲ್ಲ, ಭಾನುವಾರ ಲೋಡಿಂಗ್. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಒಂದೇ ವಾರದಲ್ಲಿ ಲಾರಿಗಳು ರಸ್ತೆ ಪಕ್ಕ ಸಾಲುಗಟ್ಟಿ ನಿಂತವು. ಆಗ ಕೆಲವರು ಸಭೆಗೆ ವಾಪಸ್ ಬಂದರು, ಅತ್ತರು. ಕೆಲವರು ಬರಲೇ ಇಲ್ಲ. ಹಣ ಹೋದಮೇಲೂ ಹಣದ ಮೇಲಿನ ಪ್ರೀತಿ ಹೋಗಿರಲಿಲ್ಲ. ಗಣಿ ಧೂಳಿಗೆ ಬಿಳಿ ಅಂಗಿ ಕೆಂಪಾಗೋದು ಯಾವ ದಿನ ಅಂತ ಹೇಳ್ತೀರಾ? ಹೇಳೋಕಾಗಲ್ಲ.

ಮುಂದಿನ ವಚನ, 11, ಮಾರ್ಕನದು. ಇವನೂ ಬಿಟ್ಟುಹೋದವನೇ! ಅಪೊಸ್ತಲರ ಕೃತ್ಯಗಳು 13:13ರಲ್ಲಿ ಅರ್ಧ ದಾರಿಯಲ್ಲಿ ಮನೆಗೆ ಹೋದ. ಅವನ ವಿಷಯಕ್ಕೇ ಪೌಲ ಬಾರ್ನಬರಿಗೆ ಜಗಳ ಆಗಿ ಇಬ್ಬರೂ ಬೇರೆ ಬೇರೆ ದಾರಿ ಹಿಡಿದರು. ಈಗ ಸಾಯೋ ಮುಂಚೆ ಪೌಲ ಬರೀತಾನೆ, ಮಾರ್ಕನನ್ನ ಕರ್ಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ ಅಂತ. ಬಿಟ್ಟುಹೋದ ಇಬ್ಬರು, ಪಕ್ಕ ಪಕ್ಕದ ವಚನದಲ್ಲಿ. ಮಾರ್ಕನ ಹಿಂದೆ ಯಾರು ಹೋದರು? ಬಾರ್ನಬ. ಅವನನ್ನ ಹಡಗು ಹತ್ತಿಸಿ ಸೈಪ್ರಸ್‌ಗೆ ಕರ್ಕೊಂಡು ಹೋದ. ದೇಮನ ಹಿಂದೆ ಯಾರಾದರೂ ಹೋದರಾ? ಬೈಬಲ್ ಹೇಳಲ್ಲ. ಆ ಪ್ರಶ್ನೆ ನನ್ನನ್ನ ಬಿಡಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಈಗ ನಿಮಗೆ ಹೆಚ್ಚು ಭಯ ಹುಟ್ಟಿಸೋ ಭಾಗ, ಇಬ್ರಿಯರಿಗೆ 6:4-6. ಪ್ರಕಾಶ ಹೊಂದಿ, ಪರಲೋಕದ ವರ ರುಚಿ ನೋಡಿ, ಪವಿತ್ರಾತ್ಮನಲ್ಲಿ ಪಾಲು ಪಡೆದು ಬಿದ್ದುಹೋದವರನ್ನ ಮತ್ತೆ ಪಶ್ಚಾತ್ತಾಪಕ್ಕೆ ತರೋದು ಅಸಾಧ್ಯ ಅನ್ನುತ್ತೆ. ಕಳೆದ ವರ್ಷ ಒಬ್ಬ ತಂಗಿ ರಾತ್ರಿ ಒಂದು ಗಂಟೆಗೆ ವಾಟ್ಸಾಪ್ ಮಾಡಿದಳು. ಬೆಂಗಳೂರಲ್ಲಿ ಕೆಲಸ. ಮನೆಯವರಲ್ಲಿ ಇವಳೊಬ್ಬಳೇ ವಿಶ್ವಾಸಿ. ಹಬ್ಬಕ್ಕೆ ಊರಿಗೆ ಬಂದಾಗ ದೊಡ್ಡವರೆಲ್ಲ ಕೂತು, "ಇನ್ನೂ ಆ ಚರ್ಚಿಗೆ ಹೋಗ್ತೀಯಾ?" ಅಂತ ಕೇಳಿದ್ದಾರೆ. ಇವಳು "ಇಲ್ಲ, ಬಿಟ್ಟುಬಿಟ್ಟೆ" ಅಂದಿದ್ದಾಳೆ. ರಾತ್ರಿ ಈ ವಚನ ಓದಿ ನಡುಗ್ತಿದ್ದಾಳೆ. "ಅಣ್ಣಾ, ನನ್ನ ಕಥೆ ಮುಗೀತಾ?"

ಇದು ಹೊಸ ಪ್ರಶ್ನೆ ಅಲ್ಲ. ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ಡೇಸಿಯಸ್, ಎಲ್ಲರೂ ರಾಜ್ಯದ ದೇವರುಗಳಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ತಗೋಬೇಕು ಅಂತ ಆಜ್ಞೆ ಮಾಡಿದ. ಕೆಲವು ಕ್ರೈಸ್ತರು ಸತ್ತರು. ಬಹಳ ಜನ ಬಲಿ ಕೊಟ್ಟುಬಿಟ್ಟರು. ಇನ್ನು ಕೆಲವರು ಬಲಿ ಕೊಡದೇ ಲಂಚ ಕೊಟ್ಟು ಸರ್ಟಿಫಿಕೇಟ್ ಮಾತ್ರ ತಗೊಂಡರು. ಹಿಂಸೆ ತಣ್ಣಗಾದಮೇಲೆ ಇವರೆಲ್ಲ ಸಭೆಯ ಬಾಗಿಲಿಗೆ ಬಂದು ಅಳ್ತಾ ನಿಂತರು. ರೋಮಿನಲ್ಲಿ ನೊವೇಷಿಯನ್ ಅನ್ನೋ ನಾಯಕ, ಇವರನ್ನ ಮತ್ತೆ ಸಭೆಗೆ ಸೇರಿಸಲೇಬಾರದು ಅಂದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್, ಹಗುರವಾಗಿ ಬೇಡ, ನಿಜವಾಗಿ ಪಶ್ಚಾತ್ತಾಪ ಪಡಲಿ, ಸಮಯ ತಗೊಳ್ಳಲಿ, ಆದರೆ ಸೇರಿಸಿಕೊಳ್ಳೋಣ ಅಂದ. ದೊಡ್ಡ ಗಲಾಟೆ ಆಯ್ತು. ಸಭೆ ಬಹುಪಾಲು ಸಿಪ್ರಿಯನ್ ಕಡೆ ನಿಂತಿತು. ಗಮನಿಸಿ, ಆ ಹಿಂಸೆಯಲ್ಲಿ ಸಿಪ್ರಿಯನ್ ತಾನೇ ಅಡಗಿಕೊಂಡಿದ್ದವನು. 258ರಲ್ಲಿ ಮತ್ತೆ ಸಮಯ ಬಂದಾಗ ಅಡಗಲಿಲ್ಲ, ತಲೆ ಕೊಟ್ಟ.

ಹಾಗಾದರೆ "ಅಸಾಧ್ಯ" ಅನ್ನೋ ಮಾತು ಯಾರಿಗೆ? ಆ ಪತ್ರ ಓದ್ತಿದ್ದ ಇಬ್ರಿಯರಿಗೆ ಹಿಂಸೆ ಬಂದಿತ್ತು. ಕ್ರಿಸ್ತನ ಬಲಿ ಬೇಡ, ಹಳೇ ವ್ಯವಸ್ಥೆಗೇ ವಾಪಸ್ ಹೋಗೋಣ ಅನ್ನೋ ಯೋಚನೆ ಇತ್ತು. ಲೇಖಕ ಕೇಳೋದು ಇಷ್ಟೇ: ಇರೋದು ಒಂದೇ ಬಲಿ. ಕಣ್ಣು ತೆರೆದು, ರುಚಿ ನೋಡಿ, ಗೊತ್ತಿದ್ದೂ ಅದನ್ನ ಕಾಲಲ್ಲಿ ತುಳಿದು ಹೋದರೆ, ನಿಮಗೆ ಪಶ್ಚಾತ್ತಾಪಕ್ಕೆ ಬೇರೆ ಯಾವ ಬಾಗಿಲು ಉಳಿಯಿತು? ಅಲ್ಲಿ ಗಟ್ಟಿಯಾಗಿರೋದು ದೇವರ ಹೃದಯ ಅಲ್ಲ, ಮನುಷ್ಯನ ಹೃದಯ. ಆಮೇಲೆ 9ನೇ ವಚನ ಓದಿ. ಅಷ್ಟು ಕಠಿಣ ಮಾತು ಹೇಳಿದವನೇ, ಪ್ರಿಯರೇ ನಿಮ್ಮ ವಿಷಯದಲ್ಲಿ ಒಳ್ಳೇದನ್ನೇ ನಂಬಿದ್ದೇವೆ ಅಂತಾನೆ.

ಆ ತಂಗಿಗೆ ನಾನು ಬರೆದೆ, "ಪೇತ್ರ ಮೂರು ಸಲ ಅಂದ, ನೀನು ಒಂದು ಸಲ ಅಂದೆ. ಹೃದಯ ಗಟ್ಟಿಯಾದವರು ರಾತ್ರಿ ಒಂದು ಗಂಟೆಗೆ ಅಳಲ್ಲಮ್ಮ. ನಿನ್ನ ಕಣ್ಣೀರು ಯಾರ ಕೆಲಸ ಅಂದ್ಕೊಂಡಿದ್ದೀ?" ಅವಳಿಗೆ ಇನ್ನೊಂದೂ ಹೇಳಿದೆ, ಅದನ್ನ ಮುಚ್ಚಿಡಲ್ಲ: ಸುಳ್ಳನ್ನ ಅಲ್ಲೇ ಬಿಡಬೇಡ, ಸಮಯ ನೋಡಿ ಅಮ್ಮನ ಹತ್ತಿರ ಮೆಲ್ಲಗೆ ನಿಜ ಹೇಳು ಅಂತ. ಅವಳಿಗೆ ಐದು ತಿಂಗಳು ಬೇಕಾಯ್ತು. ಹೇಳಿದಳು. ಅಮ್ಮ ಎರಡು ದಿನ ಮಾತಾಡಲಿಲ್ಲವಂತೆ, ಮೂರನೇ ದಿನ ಊಟಕ್ಕೆ ಕರೆದರಂತೆ.

ನಮ್ಮ ಡ್ಯಾಮಿನ ಮಾತು ಹೇಳದೇ ಹೋದರೆ ಹೊಸಪೇಟೆ ಸಂದೇಶ ಆಗಲ್ಲ. 2024ರ ಆಗಸ್ಟ್ 10ರ ರಾತ್ರಿ. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯ್ತು. 1953ರಿಂದ ನೀರು ಹಿಡಿದಿಟ್ಟ ಡ್ಯಾಮು. ವಾಟ್ಸಾಪಲ್ಲಿ ಆಗಲೇ ಶುರು, "ಡ್ಯಾಮ್ ಒಡೆದೋಯ್ತು, ಕಂಪ್ಲಿ ಮುಳುಗುತ್ತೆ!" ಡ್ಯಾಮ್ ಒಡೆದಿರಲಿಲ್ಲ. ಒಂದು ಗೇಟು ಹೋಗಿತ್ತು. ಹಾಗಂತ ಯಾರಾದರೂ, ಕಲ್ಲಿನ ಕಟ್ಟೆ ಗಟ್ಟಿಯಾಗಿದೆಯಲ್ಲ, ಬಿಡಿ, ಮಲಗೋಣ ಅಂದರಾ? ಒತ್ತಡ ತಗ್ಗಿಸೋಕೆ ಉಳಿದ ಗೇಟುಗಳನ್ನೂ ಎತ್ತಿದರು. ಕೈಯಾರೆ ನೀರು ಬಿಟ್ಟರು, ರೈತರ ಹೊಟ್ಟೆ ಉರೀತಿತ್ತು. ಹಳೇ ಅನುಭವಸ್ಥ ತಜ್ಞರಾದ ಕನ್ನಯ್ಯ ನಾಯ್ಡು ಅವರನ್ನ ಕರೆಸಿದರು. ಹರಿಯೋ ನೀರಲ್ಲೇ ಉಕ್ಕಿನ ಸ್ಟಾಪ್‌ಲಾಗ್ ಒಂದೊಂದಾಗಿ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಬಾಯಿ ಮುಚ್ಚಿದರು. ಹೋದ ನೀರು ಹೋಯ್ತು. ಮೇಲಿಂದ ಮತ್ತೆ ಮಳೆ ಬಂತು, ಅದೇ ವರ್ಷ ಜಲಾಶಯ ಮತ್ತೆ ತುಂಬಿತು.

ಉದಾಹರಣೆ ಉದಾಹರಣೆಯೇ, ಎಳೆದರೆ ಹರಿಯುತ್ತೆ. ಆದರೆ ನೀನು ಬಿದ್ದ ರಾತ್ರಿ ಇಬ್ಬರು ನಿನ್ನ ಕಿವಿಯಲ್ಲಿ ಮಾತಾಡ್ತಾರೆ. ಒಬ್ಬ, ಎಲ್ಲಾ ಒಡೆದುಹೋಯ್ತು, ಇನ್ನು ಏನು ಮಾಡಿದರೂ ಅಷ್ಟೇ ಅಂತಾನೆ. ಇನ್ನೊಬ್ಬ, ನೀನು ರಕ್ಷಣೆ ಹೊಂದಿದವನು, ಏನೂ ಆಗಲ್ಲ, ಮಲಗು ಅಂತಾನೆ. ಇಬ್ಬರೂ ಒಬ್ಬನೇ. ಇಬ್ಬರ ಮಾತು ಕೇಳಿದರೂ ನೀರು ಹೋಗ್ತಾನೇ ಇರುತ್ತೆ. ಆ ರಾತ್ರಿಯೇ ಯಾರಿಗಾದರೂ ಫೋನ್ ಮಾಡು. ಪಾಸ್ಟರ್‌ಗೇ ಮಾಡಬೇಕು ಅಂತಿಲ್ಲ. ನಿನಗಿಂತ ಹಳೇ ಒಬ್ಬ ವಿಶ್ವಾಸಿ ಸಾಕು.

ಈಗ ಕಂಪ್ಲಿಯ ಆ ತಾಯಿಗೆ ವಾಪಸ್ ಬರ್ತೀನಿ.

ನಲವತ್ತು ದಿನ ಆದಮೇಲೆ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ನಾನು ಲೂಕ 15 ಓದಿದೆ. ಆ ಅಧ್ಯಾಯದಲ್ಲಿ ಮೂರು ಕಥೆ. ಕುರಿ ಮೇಯ್ತಾ ಮೇಯ್ತಾ ಹೋಗಿಬಿಡ್ತು. ನಾಣ್ಯ ಮನೆಯೊಳಗೇ ಕಳೆದುಹೋಯ್ತು. ಮಗ ತನ್ನ ಪಾಲು ಎಣಿಸಿ ತಗೊಂಡು ಬಿಟ್ಟುಹೋದ. ತಂದೆ ಅವನನ್ನ ಸತ್ತಿದ್ದವನು ಅಂತಲೇ ಕರೀತಾನೆ, ಹಗುರ ಮಾಡಲ್ಲ. ಆದರೂ ಹಂದಿ ಗೂಡಲ್ಲಿ ಕೂತ ಆ ಮಗನ ಬಾಯಲ್ಲಿ "ನನ್ನ ತಂದೆ" ಅನ್ನೋ ಮಾತು ಉಳಿದಿತ್ತು. ಇಷ್ಟು ಹೇಳಿ ಸುಮ್ಮನಾದೆ.

ಆಗ ಆ ತಾಯಿ ಹೇಳಿದರು. "ಅಯ್ನೋರೇ, ಅವ್ನು ದಿನಾ ರಾತ್ರಿ ಫೋನ್ ಮಾಡ್ತಿದ್ದ. ಕುಡ್ದಿರ್ತಿದ್ದ, ನಂಗೆ ದನಿ ಕೇಳಿದ್ರ ಗೊತ್ತಾಗ್ತಿತ್ತು. ಇಡೋ ಮುಂಚೆ ಒಂದೇ ಮಾತು ಕೇಳ್ತಿದ್ದ. ಅವ್ವಾ, ಪ್ರಾರ್ಥನಿ ಮಾಡ್ದ್ಯಾ? ನನ್ ಹೆಸ್ರು ಹೇಳ್ದ್ಯಾ?"

ಅದರ ಮೇಲೆ ನಾನು ಸಿದ್ಧಾಂತ ಕಟ್ಟಲ್ಲ. ಅವನು ಎಲ್ಲಿದ್ದಾನೆ ಅಂತ ನಿಮಗೆ ತೀರ್ಪು ಹೇಳೋಕೆ ನಾನು ನ್ಯಾಯಾಧಿಪತಿ ಅಲ್ಲ. ಆ ತಾಯಿಗೆ ಹೇಳಿದ್ದು, "ಅಮ್ಮಾ, ಪಕ್ಕದ ಶಿಲುಬೆಯಲ್ಲಿ ಒಬ್ಬನ ಕೊನೇ ಮಾತನ್ನ ಕೇಳಿಸ್ಕೊಂಡವನು, ನಿನ್ನ ಮಗನ ಕೊನೇ ಕ್ಷಣದಲ್ಲಿ ಕಿವಿ ಮುಚ್ಚಿಕೊಂಡಿರಲಿಲ್ಲ." ಅಷ್ಟು ಹೇಳೋಕೆ ವಾಕ್ಯ ನನಗೆ ಅಧಿಕಾರ ಕೊಡುತ್ತೆ. ಅದಕ್ಕಿಂತ ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ.

ಆದರೆ ಮನೆಗೆ ಬಂದಮೇಲೆ ಫೋನ್ ತೆಗೆದು ನೋಡಿದೆ. ಆ ಮೂರು ವರ್ಷದಲ್ಲಿ ನಾನು ಅವನಿಗೆ ಎಷ್ಟು ಸಲ ಕಾಲ್ ಮಾಡಿದ್ದೆ ಅಂತ. ಕಳಿಸಿದ್ದು ಹೊಸ ವರ್ಷದ ಒಂದು ಫಾರ್ವರ್ಡ್ ಮೆಸೇಜ್, ಅದೂ ಎಲ್ಲರಿಗೂ ಕಳಿಸಿದ್ದು. ಅವನು ಕೈ ಜೋಡಿಸಿದ ಗುರುತು ಕಳಿಸಿದ್ದ. ನಾನು ಅದಕ್ಕೂ ಉತ್ತರ ಕೊಟ್ಟಿರಲಿಲ್ಲ. ಇಲ್ಲಿಂದ ಸಂಡೂರಿಗೆ ಬೈಕಲ್ಲಿ ಒಂದು ಗಂಟೆ ದಾರಿ. ವಿಶ್ವಾಸಿ ರಕ್ಷಣೆ ಕಳಕೊಳ್ಳಬಹುದಾ ಅಂತ ನಾನು ಎಷ್ಟೋ ಸೆಮಿನಾರಲ್ಲಿ ಪಾಠ ಮಾಡಿದ್ದೀನಿ. ಆ ಒಂದು ಗಂಟೆ ದಾರಿ ಹೋಗಲಿಲ್ಲ. ನಾಣ್ಯ ಕಳೆದ ಹೆಂಗಸು ದೀಪ ಹಚ್ಚಿ, ಕಸಬರಿಗೆ ಹಿಡಿದು ಮನೆಯೆಲ್ಲ ಗುಡಿಸಿದಳು. ನಮ್ಮ ಮನೆಯೊಳಗೇ ಬಿದ್ದಿದ್ದ ನಾಣ್ಯ ಅದು. ನಾನು ಕಸಬರಿಗೆ ಹಿಡಿಯಲಿಲ್ಲ.

ಯಾಕೋಬ 5:19-20 ಓದಿ. ಸತ್ಯದಿಂದ ತಪ್ಪಿಹೋದವನನ್ನ ಯಾರಾದರೂ ತಿರುಗಿಸಿ ಕರ್ಕೊಂಡು ಬರಬಹುದು ಅಂತ ಅಲ್ಲಿದೆ. ಪಾಸ್ಟರ್ ಅಂತ ಬರೆದಿಲ್ಲ. ಯಾರಾದರೂ ಅಂತಿದೆ.

ಈಗ ಎಲ್ಲರೂ ಫೋನ್ ತೆಗೀರಿ. ಹೌದು, ಚರ್ಚಲ್ಲೇ. ದಿನಾ ಫೋನ್ ಒಳಗಿಡಿ ಅಂತ ಬೈಯೋನು ಇವತ್ತು ತೆಗೀರಿ ಅಂತಿದ್ದೀನಿ. (ನಗು) ನಿಮ್ಮ ಜೊತೆ ಹಾಡ್ತಿದ್ದವರು, ನಿಮ್ಮ ಜೊತೆ ಒಂದೇ ದಿನ ದೀಕ್ಷಾಸ್ನಾನ ತಗೊಂಡವರು, ಈಗ ಬರದೇ ಇರೋರು, ಒಬ್ಬರ ನಂಬರ್ ಹುಡುಕಿ. ವಚನ ಕಳಿಸಬೇಡಿ. ಭಾನುವಾರ ಯಾಕೆ ಬರಲ್ಲ ಅಂತ ಕೇಳಬೇಡಿ. "ಊಟ ಆಯ್ತಾ? ಈ ವಾರ ಸಿಗೋಣ, ನಾನೇ ಬರ್ತೀನಿ" ಅಂತ ಬರೀರಿ. ಒಂದು ನಿಮಿಷ ಕೊಡ್ತೀನಿ. ಆ ಚೀಟಿ ಬರೆದವರಿದ್ದರೆ, ನೀವು ಯಾರಿಗೂ ಬರೀಬೇಕಾಗಿಲ್ಲ. ನಿಮ್ಮ ಪಕ್ಕದವರ ಕೈ ಹಿಡ್ಕೊಳ್ಳಿ ಸಾಕು.

(ಮೌನ)

ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಮ್ಮ ಮಧ್ಯದಿಂದ ಸರಿದುಹೋದವರ ಹೆಸರು ನಿನಗೆ ಗೊತ್ತು. ಕಂಪ್ಲಿಯ ಆ ತಾಯಿಯನ್ನ ಈ ರಾತ್ರಿ ಸಂತೈಸು. ಈ ಚೀಟಿ ಬರೆದ ಮಗುವಿಗೆ ನಿದ್ದೆ ಕೊಡು. ಹುಡುಕದೇ ಕೂತ ನನ್ನನ್ನ ಕ್ಷಮಿಸು. ನಾಳೆ ಸಂಡೂರಿಗೆ ಹೋಗ್ತಿದ್ದೀನಿ, ಇನ್ನೂ ಇಬ್ಬರು ಹುಡುಗರು ಅಲ್ಲಿದ್ದಾರೆ, ಅವರು ಬಾಗಿಲು ತೆರೆಯೋ ಹಾಗೆ ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ. ಆಮೆನ್.